ದಾರಿ ತೋರಿಸುವ ಮೇಜು

ಅಲ್ಬೇನಿಯಾದ ಬೆಟ್ಟಗಳ ನಡುವಿನ ಆ ಗಣಿಯೂರಿನಲ್ಲಿ ಕೆಲಸವೆಂದರೆ ಒಂದೇ, ಕ್ರೋಮ್ ಅದಿರು ಅಗೆಯಲು ಸುರಂಗಕ್ಕಿಳಿಯುವುದು. ಆದರೂ ಉದ್ಯೋಗ ಕಚೇರಿಯ ಗೋಡೆಗೆ ‘ನಿಮ್ಮ ದಾರಿ ನೀವೇ ಆರಿಸಿಕೊಳ್ಳಿ’ ಎಂಬ ಬಣ್ಣದ ಹಾಳೆ ಅಂಟಿಸಿ, ಕೆಲಸ ಕೇಳಿ ಬಂದವರಿಗೆ ದಾರಿ ತೋರಿಸಲು ಅದರ ಕೆಳಗೆ ಲಿರಿಯೆಯನ್ನು ಕೂರಿಸಿದ್ದರು. ಆರಿಸಿಕೊಳ್ಳಲು ಇನ್ನೊಂದು ದಾರಿ ಇದ್ದರಲ್ಲವೆ! ರಾಜಧಾನಿಯಲ್ಲಿ ಕೂತು ಕಾನೂನು ಬರೆದ ಮಹಾನುಭಾವರಿಗೆ ಈ ಊರಿನ ರಸ್ತೆಯೇ ಗೊತ್ತಿರಲಿಲ್ಲ.

ಲಿರಿಯೆಯ ಗಂಡ ಹುಸೆನ್ ಅದೇ ಗಣಿಯಲ್ಲಿ ಕಲ್ಲು ಕುಸಿದು ಸತ್ತಿದ್ದ. ವಿಧವೆಯೆಂದು ಕನಿಕರಪಟ್ಟು ಕೊಟ್ಟ ಕುರ್ಚಿ ಅದು. ಅವತ್ತಿನಿಂದ ಅವಳದು ಒಂದೇ ಹಟ: ಅಕ್ಕ ಹಾನೆಯ ಮಗ ಸೊಕೊಲ್ ಮಾತ್ರ ಗಣಿಗೆ ಇಳಿಯಕೂಡದು. ಕಚೇರಿ ತೋರಿಸಿದ ಕೆಲಸ ಬೇಡವೆಂದರೆ ಇಡೀ ಮನೆಯ ಸರ್ಕಾರಿ ಸಹಾಯ ನಿಲ್ಲುತ್ತಿತ್ತು. ತರಬೇತಿಯಲ್ಲಿದ್ದವನಿಗೆ ಮಾತ್ರ ಕೆಲಸ ತೋರಿಸುವ ಹಾಗಿರಲಿಲ್ಲ. ಆ ಸಂದಿಯಲ್ಲೇ ಅವಳು ಅವನನ್ನು ನುಸುಳಿಸುತ್ತ ಬಂದಳು. ಹೊರದೇಶದವರ ದುಡ್ಡಿನಲ್ಲಿ ಅಡುಗೆ ತರಬೇತಿ, ಆಮೇಲೆ ಕ್ಷೌರ, ಆಮೇಲೆ ಪ್ರವಾಸಿಗರ ಗೈಡ್. ಪ್ರವಾಸಿಯ ನೆರಳೂ ಬೀಳದ ಊರು!

ಕಾಫಿ ಅಂಗಡಿಯಲ್ಲಿ ಗಣಿಯವರು, “ಬಾರಪ್ಪ ಗೈಡು, ನಮ್ಮ ಸುರಂಗಾನೂ ಒಸಿ ತೋರ್ಸು” ಎಂದು ಕಿಚಾಯಿಸುತ್ತಿದ್ದರು. ಹೆಂಡತಿ ಬಸುರಿಯಾದ ಮೇಲೆ ಸೊಕೊಲ್ ನಾಚಿಕೆಯಿಂದ ಆ ಕಡೆ ಹೋಗುವುದನ್ನೇ ಬಿಟ್ಟ.

ಆ ವಸಂತದಲ್ಲಿ ಹೊರದೇಶದವರ ಯೋಜನೆ ಮುಗಿಯಿತು, ತರಬೇತಿಗಳೂ ಮುಗಿದವು. ಅದೇ ವಾರ ಗಣಿ ಗುತ್ತಿಗೆದಾರ ಆಳು ಬೇಕೆಂದ. ಕಚೇರಿಯಿಂದ ಕರೆ ಹೋಯಿತು, ಸೊಕೊಲ್ ಬಂದು ಮೇಜಿನೆದುರು ಕೂತ.

“ಬೆನ್ನು ನೋವು ಅನ್ನು,” ಲಿರಿಯೆ ಪಿಸುಗುಟ್ಟಿದಳು. “ಡಾಕ್ಟರ್ ಹತ್ರ ನಾನು ಚೀಟಿ ಬರೆಸ್ತೀನಿ.”

“ನಂಗೆ ಬೆನ್ನು ನೋವಿಲ್ಲ ಚಿಕ್ಕಮ್ಮ.”

“ಇಳಿದ್ರೆ ಬೆನ್ನೇ ಇರಲ್ಲ ಕಣೋ. ನಿಮ್ಮ ಚಿಕ್ಕಪ್ಪನ್ನ ಕಂಬಳೀಲಿ ಕಟ್ಟಿ ತಂದಿದ್ದು ಮರೆತ್ಯಾ?”

“ಮರೆತಿಲ್ಲ. ಆದ್ರೆ ಅವತ್ತಿನ ತನಕ ಚಿಕ್ಕಪ್ಪ ತಲೆ ಎತ್ಕೊಂಡು ಓಡಾಡ್ದ. ನನ್ನ ನೋಡು. ಅಡುಗೆ ಕಲಿತೆ, ಹೋಟ್ಲಿಲ್ಲ. ಕತ್ತರಿ ಹಿಡಿದೆ, ಈ ಊರಿಗೆ ಇರೋ ಒಬ್ಬ ಕ್ಷೌರಿಕನೇ ಹೆಚ್ಚು. ಇಷ್ಟು ವರ್ಷಕ್ಕೆ ನಿನ್ನ ಮೇಜಿಂದ ಇವತ್ತೊಂದು ನಿಜವಾದ ಕೆಲಸ ಬಂತು, ಅದನ್ನೂ ಬೇಡ ಅಂತೀಯಲ್ಲ! ಎಲ್ಲಿ ಸಹಿ ಹಾಕ್ಲಿ ಹೇಳು.”

ಅವಳು ಕಾಗದದ ಮೇಲೆ ಅಂಗೈ ಒತ್ತಿ ಹಿಡಿದಳು. ಸೊಕೊಲ್ ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು ಸಹಿ ಹಾಕಿ ಹೊರಟುಹೋದ.

ಒಳಗಿನಿಂದ ಮೇಲಧಿಕಾರಿ ಸಾರಾಯಿ ಬಾಟಲಿ ಹಿಡಿದೇ ಬಂದ. “ಭೇಷ್ ಲಿರಿಯೆ! ಈ ವರ್ಷ ನಾವು ಕೆಲಸಕ್ಕೆ ಹಚ್ಚಿದ ಮೊದಲ್ನೇ ಆಳು. ಮೇಲಿನೋರಿಗೆ ಇವತ್ತೇ ಬರೀತೀನಿ. ತಗೋ, ಒಂದು ಗುಟುಕು!”

ಅವಳು ಲೋಟ ಮುಟ್ಟಲಿಲ್ಲ.

ಸಂಜೆ ಲಿರಿಯೆಯ ಮನೆಗೆ ಹಾನೆ ಬಂದವಳು ಹೊಸ್ತಿಲು ದಾಟಲಿಲ್ಲ. ಬೈಗಳಿಗೆ ಕಾದು ಲಿರಿಯೆ ತಲೆ ತಗ್ಗಿಸಿ ನಿಂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಹುಸೆನಂದು ಇನ್ನೊಂದು ಜೊತೆ ರಬ್ಬರ್ ಬೂಟಿತ್ತಲ್ಲೇ, ಇದ್ಯಾ?” ಎಂದಳು ಹಾನೆ. “ಗುತ್ತಿಗೆದಾರ ಕೊಡಲ್ವಂತೆ. ಮಗೂಗೆ ನಾಳೆ ಬೆಳಗಿನ ಪಾಳಿ.”

ಲಿರಿಯೆ ಅಟ್ಟದಿಂದ ಇಳಿಸಿ ತಂದುಕೊಟ್ಟಳು. “ಒಳಗ್ಬಾ ಅಕ್ಕ. ಕಾಫಿ ಕಾಯಿಸ್ತೀನಿ.”

“ಬೇಡ ಕಣೆ.”

ಹಾನೆ ಎರಡು ಬೂಟಿನೊಳಗೂ ಕೈ ತೂರಿಸಿ ಎಲ್ಲಾದರೂ ತೂತು ಇದೆಯೇ ಎಂದು ತಡಕಿದಳು. ಇರಲಿಲ್ಲ. ಕಂಕುಳಲ್ಲಿ ಇರುಕಿಕೊಂಡು ಇಳಿಜಾರಿನಲ್ಲಿ ಇಳಿದು ಹೋದಳು.