ಹಿದಾಯತ್ ಮೇಷ್ಟ್ರು ತೆಗೆದ ದೃಷ್ಟಿ

ಚಾಮರಾಜನಗರದ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಹಿದಾಯತ್ ಉಲ್ಲಾ ಮೇಷ್ಟ್ರಿಗೆ ಒಂದು ಚಟವಿತ್ತು. ಬೀಡಿಯಲ್ಲ, ಇಸ್ಪೀಟೂ ಅಲ್ಲ. ಶನಿವಾರ ಬಂತೆಂದರೆ ಸೈಕಲ್ಲಿಗೆ ತಗಡಿನ ಪೆಟ್ಟಿಗೆ ಬಿಗಿದುಕೊಂಡು ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳೆದುರು ಪ್ರಯೋಗ ಮಾಡುವುದು. ಗುಂಡ್ಲುಪೇಟೆ ಕಡೆಗಾದರೆ ಪೆಟ್ಟಿಗೆ ಬಸ್ಸಿನ ಟಾಪು ಏರುತ್ತಿತ್ತು. ಅವರ ಅಪ್ಪ ಅಬ್ದುಲ್ ರಹೀಂ ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವರು. ಕಾದ ಪಾತ್ರೆಗೆ ನವಸಾಗರ ಉದುರಿಸಿದಾಗ ಭುಸ್ಸೆಂದು ಏಳುವ ಬಿಳಿ ಹೊಗೆ ನೋಡಿಯೇ ಮಗನಿಗೆ ಈ ಹುಚ್ಚು ಹತ್ತಿದ್ದು. ಆ ಹೊಗೆ ಎಲ್ಲಿಂದ ಬಂತೆಂದು ಕೇಳಿ ಕೇಳಿ ಅಪ್ಪನ ಪ್ರಾಣ ತಿಂದು, ಕೊನೆಗೆ ಮೈಸೂರಿಗೆ ಹೋಗಿ ಬಿ.ಎಸ್ಸಿ. ಮುಗಿಸಿಕೊಂಡು ಬಂದರು.

ಮೈಸೂರು ರಾಜ್ಯ ದೊಡ್ಡದಾದ ವರ್ಷ, ಅಂದರೆ ೧೯೫೬ರಲ್ಲಿ, ಹೆಡ್‌ಮಾಸ್ಟರು ಗಂಗಾಧರಸ್ವಾಮಿ ಖಡಾಖಂಡಿತವಾಗಿ ಹೇಳಿಬಿಟ್ಟರು: “ನಿಮ್ಮ ತಿರುಗಾಟದಿಂದ ಏನಾಯ್ತು ಸ್ವಾಮಿ? ಹಳ್ಳಿ ಮಕ್ಕಳು ಇಲ್ಲಿಗೆ ಬಂದರೂ ವಿಜ್ಞಾನ ಅಂದ್ರೆ ಓಡಿಹೋಗ್ತಾರೆ. ಈ ಸಲ ಹಳ್ಳಿಯಿಂದ ಒಂದು ಮಗುವಾದರೂ ವಿಜ್ಞಾನಕ್ಕೆ ಸೇರದೇ ಇದ್ರೆ ಪೆಟ್ಟಿಗೆ ಲ್ಯಾಬಿನ ಹೊಸಿಲು ದಾಟಕೂಡದು.” ಮೇಷ್ಟ್ರಿಗೆ ಸಿಟ್ಟು ಬಂತು. ಹೇಳಿದ್ದು ನಿಜವೆಂದು ಇನ್ನಷ್ಟು ಸಿಟ್ಟು ಬಂತು.

ಆ ಶನಿವಾರ ಹರದನಹಳ್ಳಿ ಶಾಲೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡಿದರು. ಹಿಂದೆ ಕೂತವರಿಗೂ ಕಾಣಲೆಂದು ತಟ್ಟೆ ಎತ್ತಿಕೊಂಡು ಮಕ್ಕಳ ಸುತ್ತ ಒಂದು ಸುತ್ತು ಬಂದರು. ನಿಂಬೆಹಣ್ಣು ಹಿಂಡಿ ನೀರನ್ನು ಮತ್ತೆ ಹಳದಿ ಮಾಡಿದರು. ಶಾಲೆಗೆ ಮೋರಿಯಿಲ್ಲ, ಅದಕ್ಕೇ ಆ ನೀರನ್ನು ಒಯ್ದು ಮೂರು ದಾರಿ ಕೂಡುವಲ್ಲಿ ಚೆಲ್ಲಿದರು. ಅಯ್ಯೋ ಪುಣ್ಯಾತ್ಮ! ದೃಷ್ಟಿ ತೆಗೆಯುವುದಕ್ಕೆ ಇನ್ನೇನು ಬಾಕಿ ಉಳಿಯಿತು?

ಮುಂದಿನ ವಾರ ಹೋದರೆ ಶಾಲೆಯ ಬಾಗಿಲಲ್ಲಿ ಹೆಂಗಸರು ಕೂಸುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಎಲ್ಲರಿಗಿಂತ ಮುಂದಿದ್ದವಳು ಮಾದಮ್ಮ.

“ನೆನ್ನೆಯಿಂದ ಒಂದೇ ಸಮ ರಚ್ಚೆ ಹಿಡ್ದದೆ ಮೇಷ್ಟ್ರೇ, ನಮ್ ಕೂಸ್ಗೂ ಒಸಿ ದೃಷ್ಟಿ ತಗುದ್ಬುಡಿ.”

“ಅದು ದೃಷ್ಟಿ ತೆಗೆದಿದ್ದಲ್ಲ ತಾಯಿ, ಪಾಠ!”

“ಏನಾರ ಅನ್ಕಳಿ, ನಮ್ಗೂ ಮಾಡಿ.”

ಜಗಲಿಯ ಮೇಲೆ ಕೂತಿದ್ದ ಊರಿನ ಹಿರಿಯ ಮರಿಮಲ್ಲಪ್ಪನವರು ಸಿಡಿದೆದ್ದರು. “ಕೆಂಪ್ ಮಾಡದ ನಮ್ ಹೆಂಗಸ್ರೂ ಮಾಡ್ತರೆ. ವಾಪಸ್ ಹಳದಿ ಆಯ್ತಲ್ಲ, ಅದು ಮಂತ್ರ ಕಣ ಮೇಷ್ಟ್ರೇ. ಮಂತ್ರ ಕಲಿಯಕ್ಕೆ ನಮ್ ಹೈಕಳ ಕಳ್ಸಲ್ಲ. ಇನ್ಮೇಲೆ ಬರ್ಬ್ಯಾಡಿ.”

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಈ ಊರು ಬೇಡವೆಂದರೆ ಸುತ್ತಲಿನ ಊರುಗಳೂ ಬೇಡವೆನ್ನುತ್ತವೆ, ಅಲ್ಲಿಗೆ ಪೆಟ್ಟಿಗೆಯ ಕಥೆ ಮುಗಿಯಿತು.

“ಯಜಮಾನ್ರೇ, ನಾನು ಆ ಹೊಂಗೆಮರದ ಹತ್ತಿರ ನಿಂತಿರ್ತೀನಿ. ನೀವು ಹೇಳೋವರೆಗೂ ತುಟಿ ಪಿಟಕ್ಕನ್ನಲ್ಲ. ನಿಮ್ಮವರೇ ಯಾರಾದರೂ ಮಾಡಲಿ.”

ಮರಿಮಲ್ಲಪ್ಪನವರು ಎಂಟನೇ ಕ್ಲಾಸಿನಲ್ಲಿದ್ದ ತಮ್ಮ ಮೊಮ್ಮಗಳು ಗುರುಮಲ್ಲಮ್ಮನನ್ನು ಕರೆದರು. “ಮಾಡು ಕಣಮ್ಮಿ, ನೋಡನ.”

ಹುಡುಗಿ ಮೇಷ್ಟ್ರ ತಟ್ಟೆಯ ಅರಿಸಿನದ ನೀರಿಗೆ ಸುಣ್ಣ ಹಾಕಿದಳು, ಕೆಂಪಾಯಿತು. ನಿಂಬೆಹಣ್ಣು ಹಿಂಡಿದಳು, ಹಳದಿಯಾಯಿತು. ತಟ್ಟೆಯನ್ನೇ ದಿಟ್ಟಿಸುತ್ತಿದ್ದವಳು ತಲೆಯೆತ್ತಿ ಕೂಗಿದಳು: “ಸಾ, ನಿಂಬೆಹಣ್ಣು ಬ್ಯಾಡ, ಹುಣಸೆಹುಳಿ ಆಕುದ್ರೆ?”

ಮೇಷ್ಟ್ರಿಗೆ ನಾಲಿಗೆ ತುದಿಗೆ ಬಂತು. ಆದರೆ ಮಾತು ಕೊಟ್ಟಾಗಿದೆಯಲ್ಲ! ಎರಡೂ ಕೈ ಬೀಸಿ, ಹೋಗು, ತಾ, ಹಾಕು ಎಂದು ಸನ್ನೆ ಮಾಡಿದರು. ಅವಳು ಲಂಗ ಎತ್ತಿ ಕಟ್ಟಿ ಮನೆಗೆ ಓಡಿದಳು. ಹಿಂದೆಯೇ ಉಳಿದ ಮಕ್ಕಳೂ ಓಡಿದರು. ಒಬ್ಬ ಹುಳಿಮಜ್ಜಿಗೆ ತಂದ, ಇನ್ನೊಬ್ಬಳು ಒಲೆಯ ಬೂದಿ ತಂದಳು. ಹುಣಸೆಗೆ ಹಳದಿ, ಮಜ್ಜಿಗೆಗೂ ಹಳದಿ, ಬೂದಿ ಹಾಕಿದರೆ ಮತ್ತೆ ಕೆಂಪು! ಶಾಲೆಯ ಅಂಗಳದಲ್ಲಿ ಗಲಾಟೆಯೋ ಗಲಾಟೆ. ಮಾದಮ್ಮನ ಕೂಸು ಬಣ್ಣ ನೋಡುತ್ತ ಅಳು ಮರೆಯಿತು. ಆಕೆಗೆ ಅಷ್ಟೇ ಸಾಕಾಗಿತ್ತು.

“ಹುಳಿ ಇರದೆಲ್ಲ ಹಳದಿ ಮಾಡ್ತದೆ ತಾತ! ಮಂತ್ರ ಅಲ್ಲ, ನಾನೇ ಮಾಡ್ದೆ!” ಎಂದು ಗುರುಮಲ್ಲಮ್ಮ ಕುಣಿದಳು.

ಮರಿಮಲ್ಲಪ್ಪನವರು ತಟ್ಟೆಯನ್ನು ನೋಡಿದರು, ಮೊಮ್ಮಗಳ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಹೊಂಗೆಮರದ ಹತ್ತಿರ ಬಂದರು.

“ಇನ್ ಬಾಯ್ ಬುಡಿ ಮೇಷ್ಟ್ರೇ. ಇದ್ನ ಪೂರ್ತಿ ಕಲೀಬೇಕು ಅಂದ್ರೆ ನಿಮ್ ಐಸ್ಕೂಲ್ಗೆ ಬರ್ಬೇಕಾ?”

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

“ಹೆಣ್ ಹೈಕಳ್ನೂ ಸೇರುಸ್ಕತೀರಾ?”

ಬಾಯಿ ಬಿಡಲು ಅಪ್ಪಣೆ ಸಿಕ್ಕಿತ್ತು. ಆದರೂ ಹಿದಾಯತ್ ಮೇಷ್ಟ್ರು ಎರಡೂ ಕೈ ಬೀಸಿ, ಬಾ, ಬಾ ಎಂದು ಗುರುಮಲ್ಲಮ್ಮನಿಗೆ ಸನ್ನೆಯನ್ನೇ ಮಾಡಿದರು.