ಗಿರಣಿ ಅಕ್ಕ ಗುಡ್ಡ ಹತ್ತಿದ ಭಾನುವಾರಗಳು

ಕಳೆದ ತಿಂಗಳು ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಬಳಿಚಕ್ರ ಹಳ್ಳಿಯ ತಮ್ಮ ಹೊಲದ ಹೊಸ ಜೋಳವನ್ನು ಒಂದು ಚೀಲ ತಂದುಕೊಟ್ಟರು. ಯಾದಗಿರಿಗೆ ಬಂದ ಮೇಲೆ ನಾನು ಪಾಕೀಟಿನ ಹಿಟ್ಟಿಗೇ ಒಗ್ಗಿಹೋಗಿದ್ದೆ. ಐದು ವರ್ಷದಲ್ಲಿ ಒಮ್ಮೆಯೂ ಗಿರಣಿಯ ಕಡೆ ಹಾದಿರಲಿಲ್ಲ. ಆ ದಿನ ಹೋಗಲೇಬೇಕಾಯಿತು. ಬೀಸಿಸಿಕೊಂಡು ಮನೆಗೆ ಬಂದು ಚೀಲದ ಬಾಯಿ ಬಿಚ್ಚಿದೆ. ಬಿಸಿ ಹಿಟ್ಟಿನ ವಾಸನೆ ಮುಖಕ್ಕೆ ಬಡಿಯಿತು... ಸ್ವಲ್ಪ ಸುಟ್ಟಂಥ, ಸ್ವಲ್ಪ ಸಿಹಿಯಾದ, ಕಾದ ಕಲ್ಲಿನ ವಾಸನೆ. ನಾನು ಹಾಗೇ ನಿಂತುಬಿಟ್ಟೆ. ಒಲೆಯ ಮೇಲೆ ಹಾಲು ಉಕ್ಕಿ ಕಟ್ಟೆಯಿಂದ ಕೆಳಗೆ ಹರಿದದ್ದೂ ತಿಳಿಯಲಿಲ್ಲ.

ಆ ವಾಸನೆ ನನಗೆ ಒಬ್ಬಳದೇ. ಶಹಾಪುರದಲ್ಲಿ ನಾವು ಬಾಡಿಗೆಗಿದ್ದ ಓಣಿಯ ಕೊನೆಗೆ, ಗುಡ್ಡದ ಬುಡದಲ್ಲಿ, ಆಕೆಯ ಹಿಟ್ಟಿನ ಗಿರಣಿ ಇತ್ತು. ಓಣಿಗೆಲ್ಲ ಆಕೆ ಗಿರಣಿ ಅಕ್ಕ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಕಲ್ಲು ಸವೆದರೆ ಉಳಿ-ಸುತ್ತಿಗೆ ಹಿಡಿದು ತಾನೇ ಕುಳಿತು ಕಚ್ಚು ಹೊಡೆಯುತ್ತಿದ್ದಳು. ಹುಬ್ಬು, ರೆಪ್ಪೆ, ಮುಂಗುರುಳು ಎಲ್ಲವೂ ಬೆಳ್ಳಗೆ. ಮೊದಲ ಸಲ ಆಕೆಯನ್ನು ನೋಡಿದ ನನ್ನ ಮಗಳು ಹೆದರಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ಅದೇ ಮಗಳು ಶಾಲೆಯಿಂದ ಬಂದವಳೇ ಚೀಲ ಮೂಲೆಗೆ ಒಗೆದು ಗಿರಣಿಗೆ ಓಡುತ್ತಿದ್ದಳು. ಯಂತ್ರದ ಪಟ್ಟಾ ತಿರುಗುವ ಸದ್ದಿನಲ್ಲಿ ಇಬ್ಬರೂ ಕೂಗಿ ಕೂಗಿ ಮಾತಾಡುವುದು ನಮ್ಮ ಮನೆಯ ತನಕ ಕೇಳುತ್ತಿತ್ತು.

ನಮ್ಮ ಮನೆಯವರು ಒಮ್ಮೆ ಕಚೇರಿಯ ತರಬೇತಿಗೆಂದು ಹೈದರಾಬಾದಿಗೆ ಹೋದವರು ಒಂದು ಹೊಸ ಹುಚ್ಚು ಹಚ್ಚಿಕೊಂಡು ಬಂದರು. ಜಿಯೋಕ್ಯಾಶಿಂಗ್ ಎಂಬ ಆಟ. ಯಾರೋ ಒಬ್ಬರು ಗುಡ್ಡದಲ್ಲೋ ಹಾಳು ಕೋಟೆಯಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಗುರುತನ್ನು ಮೊಬೈಲಿನ ಆ್ಯಪಿಗೆ ಹಾಕಿರುತ್ತಾರೆ. ಉಳಿದವರು ಅದನ್ನು ಹುಡುಕಿಕೊಂಡು ಹೋಗಿ, ಡಬ್ಬಿಯೊಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಒಂದು ಸಣ್ಣ ವಸ್ತು ತೆಗೆದುಕೊಂಡು ಇನ್ನೊಂದನ್ನು ಇಟ್ಟು ಬರಬೇಕು. ನಮ್ಮ ಸೀಮೆಯಲ್ಲಿ ಅಂಥ ಡಬ್ಬಿಗಳು ಬೆರಳೆಣಿಕೆಯಷ್ಟು. ಯಾವನೋ ಅಲೆಮಾರಿ ಶಹಾಪುರದ ಗುಡ್ಡದಲ್ಲೂ ಒಂದನ್ನು ಇಟ್ಟುಹೋಗಿದ್ದ.

ಮೊದಲ ಎರಡು ಭಾನುವಾರ ನಾವು ಮೂವರೂ ಬಂಡೆಗಳ ನಡುವೆ ಅಲೆದು ಬರಿಗೈಯಲ್ಲಿ ಇಳಿದೆವು. ಮೊಬೈಲು ‘ಇಲ್ಲೇ ಇದೆ’ ಅನ್ನುತ್ತಿತ್ತು. ಸುತ್ತ ನೋಡಿದರೆ ಆನೆಯಂಥ ನೂರು ಬಂಡೆಗಳು. ಮೈಯೆಲ್ಲ ಜಾಲಿಮುಳ್ಳು ಗೀರಿಸಿಕೊಂಡು ಬಂದ ನಮ್ಮನ್ನು ನೋಡಿ ಅಕ್ಕ ಗಿರಣಿಯ ಬಾಗಿಲಲ್ಲಿ ನಿಂತು ನಕ್ಕಳು.

“ಏನ್ ಕಳಕೊಂಡೀರಿ ತಂಗಿ, ಎರಡ್ ವಾರ ಆತು ಹುಡುಕಾಕತ್ತೀರಿ?”

ಮಗಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಕ್ಕ ಗಂಭೀರವಾಗಿ ಕೇಳಿಸಿಕೊಂಡು, “ಮುಂದಿನ ಸಲ ನಾನೂ ಬರ್ತೀನಿ. ಸಣ್ಣಾಕಿ ಇದ್ದಾಗ ಆಡು ಕಾಯ್ದಿದ್ದು ಅದೇ ಗುಡ್ಡದಾಗ” ಎಂದಳು.

ಮೂರನೆಯ ಭಾನುವಾರ ಆಕೆ ಮೊಬೈಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹವಾಯಿ ಚಪ್ಪಲಿಯಲ್ಲೇ ಬಂಡೆ ಏರಿ, ಒಂದು ಕಡೆ ನಿಂತು ಸೂರ್ಯನನ್ನು ನೋಡಿದಳು. “ಡಬ್ಬಿ ಇಟ್ಟಾಂವನೂ ಮನಷ್ಯಾನೇ ಅಲ್ಲೇನು? ಇಷ್ಟು ಏರಿ ಬಂದಾನಂದ್ರ ದಣದಾನ. ದಣದಾಂವ ನೆರಳು ನೋಡಿ ಕುಂತಾನ. ಕುಂತಲ್ಲೇ ಕೈ ಚಾಚಿ ಇಟ್ಟಾನ” ಎಂದು ಚಾಚಿಕೊಂಡಿದ್ದ ಬಂಡೆಯೊಂದರ ಕೆಳಗೆ ಹೋಗಿ ಕುಳಿತಳು. ಮಗಳು ಪಕ್ಕದ ಸಂದಿಗೆ ಕೈ ಹಾಕಲು ಹೋದಾಗ ಗಪ್ಪನೆ ಹಿಡಿದು, “ಮೊದಲ ಬಡಗಿ, ಆಮ್ಯಾಲ ಕೈ. ಚೋಳು ಇರ್ತಾವ” ಎಂದು ಕೋಲಿನಿಂದ ಕೆದಕಿದಳು. ಟಣ್ ಅಂತ ಸದ್ದಾಯಿತು. ಮಗಳು ಕಿರುಚಿದ್ದು ಕೇಳಿ ಮಂಗಗಳೆಲ್ಲ ಮರ ಬಿಟ್ಟು ಓಡಿದವು.

ಅಂದಿನಿಂದ ನಾವು ನಾಲ್ವರು. ಭಾನುವಾರ ಮುಂಜಾನೆ ಗಿರಣಿಗೆ ಬೀಗ. ಯಾದಗಿರಿ ಕೋಟೆ, ಹತ್ತಿಕುಣಿ ಕೆರೆಯ ಮೇಲಿನ ಗುಡ್ಡ, ಶಿರವಾಳದ ಹಳೆಯ ಗುಡಿಗಳ ಆಚೆಯ ದಿಬ್ಬ... ಹುಡುಕಲು ಡಬ್ಬಿಗಳು ಮುಗಿದ ಮೇಲೆ ನಾವೇ ಡಬ್ಬಿ ಇಡತೊಡಗಿದೆವು. ಶಹಾಪುರದ ಗುಡ್ಡದ ನೆತ್ತಿಯ ಹತ್ತಿರ ಮಗಳು ತನ್ನದೇ ಒಂದು ಡಬ್ಬಿ ಇಟ್ಟಳು. ಜಾಗ ಆರಿಸಿದ್ದು ಅಕ್ಕ. ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿ ಪ್ರತಿ ಸಲವೂ ಆಕೆಯದೇ. ನಾನು ತಂದ ಬಿಸ್ಕೀಟನ್ನು ಆಕೆ ಒಂದು ಬಾಯಿ ತಿಂದು, “ಛಲೋ ಅದ, ಖರೆ ಹೊಟ್ಟಿಗಿ ಗೊತ್ತಾಗಂಗಿಲ್ಲ” ಅನ್ನುತ್ತಿದ್ದಳು.

ಸುರಪುರದ ಗುಡ್ಡದಲ್ಲಿ ಒಮ್ಮೆ ಮಗಳ ಕಾಲು ಎರಡು ಕಲ್ಲುಗಳ ನಡುವೆ ಸಿಕ್ಕು ಹೊರಳಿತು. ನೋಡುನೋಡುತ್ತ ಪಾದ ಬಾತುಕೊಂಡಿತು. ನಮ್ಮ ಮನೆಯವರಿಗೆ ಕೈಕಾಲೇ ಆಡಲಿಲ್ಲ. ಅಕ್ಕ ಬೆನ್ನು ಕೊಟ್ಟು ಕುಳಿತಳು, ಮಗಳನ್ನು ಹೊತ್ತು ಎದ್ದಳು. “ನಾ ಇಡೋ ಹೆಜ್ಜಿ ಎಣಸವ್ವ. ತಪ್ಪಿದಿ ಅಂದ್ರ ಮತ್ತ ಮ್ಯಾಲಿಂದ ಇಳೀಬೇಕಾಗ್ತದ ನೋಡು” ಎಂದಳು. ಮಗಳು ಅಳು ನಿಲ್ಲಿಸಿ ಎಣಿಸತೊಡಗಿದಳು. ಕೆಳಗೆ ರಸ್ತೆ ಮುಟ್ಟಿದಾಗ ಅಕ್ಕ ಮಗಳನ್ನು ಇಳಿಸಿ ಮೊಣಕಾಲು ಹಿಡಿದು ಕುಳಿತಳು. ನಾನು ಆಕೆಯ ಕೈ ಹಿಡಿದು ಏನೋ ಹೇಳಲು ಹೋದೆ. “ನಮ್ಮ ಕೂಸಿಗಿ ನಾವು ಹೊರದಽ ಮತ್ಯಾರ ಹೊರತಾರ?” ಎಂದು ಬೆವರು ಒರೆಸಿಕೊಂಡಳು.

ಇಷ್ಟನ್ನು ಬರೆಯುವುದು ಸುಲಭ. ಮುಂದಿನದಕ್ಕೆ ಕೈ ಏಳುತ್ತಿಲ್ಲ...

ಆ ವರ್ಷ ಮಳೆಗಾಲದಲ್ಲಿ ನಮ್ಮ ಮನೆಯವರ ಕಚೇರಿಗೆ ದಕ್ಷಿಣದ ಕಡೆಯ ಹೊಸ ಸಾಹೇಬರೊಬ್ಬರು ವರ್ಗವಾಗಿ ಬಂದರು. ನಮ್ಮ ಡಬ್ಬಿ ಆಟದ ಸುದ್ದಿ ಅವರ ಕಿವಿಗೂ ಬಿದ್ದು, ಈ ಭಾನುವಾರ ತಾವೂ ಹೆಂಡತಿಯ ಜೊತೆ ಬರುತ್ತೇವೆಂದು ಹೇಳಿ ಕಳಿಸಿದರು. ಮನೆಯವರು ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ತಲೆ ತಗ್ಗಿಸಿಯೇ ಹೇಳಿದರು: “ಈ ಒಂದ್ ವಾರ ಅಕ್ಕ ಬ್ಯಾಡ ಏನು? ಅವ್ರು ದೊಡ್ಡ ಮಂದಿ. ಹೆಂಗ್ ತಿಳಕೋತಾರೋ ಏನೋ.”

ಬಹಳ ವರ್ಷ ನಾನು ಈ ಮಾತನ್ನೇ ಹಿಡಿದುಕೊಂಡು ತಪ್ಪನ್ನು ಅವರ ಮೇಲೆ ಹಾಕಿದೆ. ಆದರೆ ಅವರು ಹೇಳುವ ಮೊದಲೇ ನಾನೂ ಅದನ್ನೇ ಯೋಚಿಸಿದ್ದೆ. ಆ ಹಿಟ್ಟು ಹಿಡಿದ ಸೀರೆ, ಹವಾಯಿ ಚಪ್ಪಲಿ, ಬಂಡೆಯ ಮೇಲೆ ಕಾಲು ಚಾಚಿ ಕುಳಿತು ರೊಟ್ಟಿ ಮುರಿಯುವ ರೀತಿ... ಸಾಹೇಬರ ಹೆಂಡತಿಯ ಕಣ್ಣಿನಿಂದ ಆಕೆಯನ್ನು ನೋಡಿ ನಾನು ಆಗಲೇ ನಾಚಿಕೊಂಡಾಗಿತ್ತು. ಸಂಜೆ ಗಿರಣಿಗೆ ಹೋಗಿ ಹೇಳಿದವಳೂ ನಾನೇ.

“ನಾಳಿ ಹೋಗಂಗಿಲ್ಲ ಅಕ್ಕ. ಮಗಳಿಗಿ ಜ್ವರ ಬಂದಾವ.”

ಅಕ್ಕ ಓಡುತ್ತಿದ್ದ ಗಿರಣಿ ನಿಲ್ಲಿಸಿಬಿಟ್ಟಳು. “ಯಾವಾಗಿಂದ? ನಾ ಬಂದು ನೋಡ್ಲೇನು?”

“ಬ್ಯಾಡ. ಈಗಽ ಮಲಗ್ಯಾಳ.”

“ಮಳ್ಯಾಗ ನೆನದಾಳ ನೋಡು. ಹಸಿ ಶುಂಠಿ ಕಷಾಯ ಮಾಡಿ ಕುಡಸು ತಂಗಿ” ಎಂದಳು. ನಾನು ಹೂಂ ಎಂದು ಬಂದುಬಿಟ್ಟೆ.

ಮರುದಿನ ನಸುಕಿನಲ್ಲಿಯೇ ಹೊರಟೆವು. ಮಳೆ ನಿಂತು ಗುಡ್ಡ ಹಸಿರಾಗಿತ್ತು. ಸಾಹೇಬರು, ಅವರ ಹೆಂಡತಿ ಇಬ್ಬರೂ ಒಳ್ಳೆಯ ಜನ. ಅಲ್ಲಲ್ಲಿ ನಿಂತು ನವಿಲು ತೋರಿಸಿದರೆ ಚಿಕ್ಕವರಂತೆ ಖುಷಿಪಟ್ಟರು. ನಾವೇ ಇಟ್ಟ ಡಬ್ಬಿಯನ್ನು ಅವರಿಂದ ಹುಡುಕಿಸೋಣವೆಂದು ಮನೆಯವರು ಮೊದಲೇ ಲೆಕ್ಕ ಹಾಕಿದ್ದರು. ನೆತ್ತಿಯ ಹತ್ತಿರ ಕೊನೆಯ ಬಂಡೆ ಸುತ್ತಿ ಬಂದೆವು.

ಡಬ್ಬಿಯ ಪಕ್ಕದಲ್ಲಿ ಅಕ್ಕ ಕುಳಿತಿದ್ದಳು.

ತೊಡೆಯ ಮೇಲೆ ಡಬ್ಬಿ ತೆರೆದುಕೊಂಡಿತ್ತು. ಹಿಂದಿನ ವಾರ ಡಬ್ಬಿಯೊಳಗೆ ನೀರು ಹೊಕ್ಕು ಪುಸ್ತಕ ತೊಯ್ದದ್ದಕ್ಕೆ ಮಗಳು ಅತ್ತಿದ್ದಳು. ಅಕ್ಕ ಹೊಸ ನೋಟ್‌ಪುಸ್ತಕ ತಂದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುತ್ತಿದ್ದಳು. ಜ್ವರದಲ್ಲಿ ಮಲಗಿದ ಮಗುವಿಗೆ ಹೇಳಿ ಖುಷಿಪಡಿಸಲು ಒಬ್ಬಳೇ ಗುಡ್ಡ ಏರಿ ಬಂದಿದ್ದಳು.

“ಅಕ್ಕಾ!” ಎಂದು ಮಗಳು ಓಡಿದಳು. ಅಕ್ಕ ಒಂದು ಗಳಿಗೆ ನಮ್ಮನ್ನೆಲ್ಲ ನೋಡಿದಳು. ಆಮೇಲೆ ಹತ್ತಿರ ಬಂದ ಮಗಳ ಕುತ್ತಿಗೆಗೆ ಹಿಂಗೈ ಇಟ್ಟಳು. ಚುಚ್ಚಲು ಹಾಗೆ ಮಾಡಿದಳೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಆಕೆ ನಿಜವಾಗಿಯೂ ಜ್ವರ ನೋಡಿದಳು. ನಾನು ಹೇಳಿದ್ದನ್ನು ಆ ಕ್ಷಣದಲ್ಲೂ ನಂಬಲು ನೋಡಿದಳು.

ಸಾಹೇಬರ ಹೆಂಡತಿ ನಗುತ್ತ ಕೇಳಿದರು: “ಯಾರಿವರು? ನಿಮ್ಮ ಮನೆಯವರಾ?”

“ಅಲ್ರಿ” ಎಂದೆ. “ಇಲ್ಲೇ ಓಣ್ಯಾಗ ಗಿರಣಿ ನಡಸ್ತಾರ. ಅಷ್ಟೇ.”

ಆ ‘ಅಷ್ಟೇ’ಯನ್ನು ಯಾರೂ ಕೇಳಿರಲಿಲ್ಲ. ನಾನಾಗಿಯೇ ಸೇರಿಸಿದ್ದು.

ಅಕ್ಕ ಎದ್ದು ನಿಂತು ಸೀರೆ ಝಾಡಿಸಿದಳು. “ಹೌದ್ರಿ ಮೇಡಂ. ಸೀತಾಫಲ ಅವ ಏನಂತ ನೋಡಾಕ ಬಂದಿದ್ದೆ” ಎಂದಳು. ಸೀತಾಫಲಕ್ಕೆ ಇನ್ನೂ ಎರಡು ತಿಂಗಳಿತ್ತು. ಹೊರಗಿನಿಂದ ಬಂದವರಿಗೆ ಅದು ಗೊತ್ತಾಗುವಂತಿರಲಿಲ್ಲ. ನನ್ನ ಸುಳ್ಳಿನ ಮೇಲೆ ಆಕೆ ತನ್ನದೊಂದು ಸುಳ್ಳು ಮುಚ್ಚಿ ನನ್ನ ಮಾನ ಉಳಿಸಿದಳು. ಡಬ್ಬಿಯನ್ನು ಸಂದಿಗೆ ಸರಿಸಿ, ನಮ್ಮ ನಡುವಿನಿಂದಲೇ ದಾಟಿ ಇಳಿದು ಹೋದಳು. ಜಾರುವ ಕಡೆಯಲ್ಲಿ ಕೂತು ಇಳಿಯುವುದು, ಆಮೇಲೆ ಎದ್ದು ನಡೆಯುವುದು... ಎಷ್ಟೋ ಹೊತ್ತು ಕಾಣುತ್ತಿದ್ದಳು.

ಇಳಿಯುವಾಗ ಸಾಹೇಬರ ಹೆಂಡತಿ ಅಂದರು, “ಅವರನ್ನೂ ಜೊತೆಗೆ ಕೂರಿಸಿಕೊಳ್ಳಬಹುದಿತ್ತು. ದಾರಿ ಎಲ್ಲ ಗೊತ್ತಿದ್ದವರ ಹಾಗಿದ್ದರು.” ನನಗಿದ್ದ ಒಂದೇ ನೆಪವೂ ಅಲ್ಲಿಗೆ ಮುಗಿಯಿತು.

ಅಂದು ಸಂಜೆಯೇ ಹೋಗಬೇಕಿತ್ತು. ಹೋಗಲಿಲ್ಲ. ನಾಳೆ ಎಂದುಕೊಂಡೆ. ಮುಂದಿನ ವಾರ ಜೋಳ ತೆಗೆದುಕೊಂಡು ಹೋದಾಗ ಆಕೆ ಎಂದಿನಂತೆ ಬೀಸಿಕೊಟ್ಟಳು, ಮಗಳನ್ನು ಕೇಳಿದಳು. ಸಿಟ್ಟಿನ ಒಂದು ಮಾತು ಆಡಿದ್ದರೆ ನಾನು ಅಲ್ಲೇ ಕಾಲಿಗೆ ಬೀಳುತ್ತಿದ್ದೆನೇನೋ. ಆಕೆ ಆಡಲಿಲ್ಲ. “ಈ ಭಾನುವಾರ ಬರ್ತೀಯೇನು ಅಕ್ಕ?” ಎಂದು ಒಮ್ಮೆ ಕೇಳಿದೆ. “ಮೊಣಕಾಲು ಹಿಡದಾವ್ರಿ ಮೇಡಂ” ಎಂದಳು. ನಾವು ಎರಡು-ಮೂರು ಸಲ ಆಕೆಯಿಲ್ಲದೆ ಹೋದೆವು. ಆಮೇಲೆ ಯಾರೂ ಬಾಯಿಬಿಟ್ಟು ಹೇಳದೆಯೇ ಆ ಆಟ ನಿಂತುಹೋಯಿತು.

ನಮಗೆ ಯಾದಗಿರಿಗೆ ವರ್ಗವಾಗುವ ಮೊದಲೇ ಆಕೆ ಗಿರಣಿ ಮುಚ್ಚಿ, ಹತ್ತಿಕುಣಿಯ ತಮ್ಮನ ಮನೆಗೆ ಹೋಗಿದ್ದಳು. ಯಾದಗಿರಿಯಿಂದ ಹತ್ತಿಕುಣಿ ಏನು ದೂರ? ಐದು ವರ್ಷ ನನಗೆ ಪುರಸೊತ್ತು ಸಿಗಲಿಲ್ಲ. ಹಾಗೆಂದು ಹೇಳಿಕೊಂಡೆ.

ಹಿಟ್ಟಿನ ವಾಸನೆ ಬಂದ ಮುಂದಿನ ಭಾನುವಾರ ಬಸ್ಸು ಹತ್ತಿದೆ. ಮನೆ ಸಿಕ್ಕಿತು. ತಮ್ಮನ ಹೆಂಡತಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದೊಡನೆ ಮೊರ ಕೆಳಗಿಟ್ಟು ಎದ್ದಳು.

“ಶಹಾಪುರದ ಟೀಚರ್ ಏನ್ರಿ? ಗುಡ್ಡಕ್ಕ ಕರಕೊಂಡು ಹೋಗ್ತಿದ್ರಲ್ಲ? ಬರ್ರಿ, ಒಳಗ ಬರ್ರಿ.” ಚಾಪೆ ಹಾಸಿದ ಮೇಲೆ ಹೇಳಿದಳು, “ಹ್ವಾದ ಚಳಿಗಾಲದಾಗ ಹೋಗ್ಯಾಳ್ರಿ. ಮಲಕ್ಕೊಂಡಾಕಿ ಏಳಲೇ ಇಲ್ಲ.”

ಆಕೆಯೇ ಹೇಳುತ್ತ ಹೋದಳು. ಅಕ್ಕ ನಮ್ಮ ಬಗ್ಗೆ ಎಷ್ಟು ಹೇಳುತ್ತಿದ್ದಳು, ಕೋಟೆ, ಕೆರೆ, ಸುರಪುರ, ಮಗಳು ಎಣಿಸಿದ ಹೆಜ್ಜೆಗಳು... ಎಲ್ಲವೂ ಆ ಮನೆಯವರಿಗೆ ಗೊತ್ತಿತ್ತು. ಆ ಒಂದು ಭಾನುವಾರದ ಹೊರತು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ.

“ನಾ ಅಕ್ಕಗ ಒಂದ್ ತಪ್ಪು ಮಾಡೀನ್ರಿ” ಎಂದೆ.

“ಅಯ್ಯ, ಬರಾಕ ಆಗಿಲ್ಲಂದ್ರ ತಪ್ಪೇನ್ರಿ ಅದು? ಎಲ್ಲಾರಿಗೂ ಅವ್ರವ್ರ ಸಂಸಾರ ಇರ್ತಾವ” ಎಂದು ಆಕೆ ಚಹಾದ ಬಟ್ಟಲನ್ನು ನನ್ನ ಕಡೆ ಸರಿಸಿದಳು.

ಅದಲ್ಲ ಎನ್ನಬೇಕಿತ್ತು. ನಾನು ತಲೆ ಆಡಿಸಿದೆ. ಸಣ್ಣ ತಪ್ಪನ್ನು ಒಪ್ಪಿಕೊಂಡು ದೊಡ್ಡದನ್ನು ಮತ್ತೆ ನುಂಗಿದೆ. ನನ್ನದಲ್ಲದ ಮರ್ಯಾದೆಯ ಆ ಚಹಾ ಕುಡಿದು ಎದ್ದೆ.

ಮನೆಗೆ ಬಂದಾಗ ಮಗಳು ಓದುತ್ತ ಕೂತಿದ್ದಳು. ಈಗ ಅವಳಿಗೆ ಹದಿನೇಳು. ಅಕ್ಕ ಇಲ್ಲವೆಂದು ಹೇಳಿದೆ. ಪುಸ್ತಕ ಮುಚ್ಚಿದಳು. ಎಂಟು ವರ್ಷ ಆಡದ ಮಾತನ್ನು ಆಗ ಆಡಿದೆ.

“ಆವತ್ತು ಗುಡ್ಡದಾಗ ನಾ ಆಕಿನ್ನ ನಮ್ಮಾಕಿ ಅಲ್ಲ ಅಂದೆ. ನಿನಗ ನೆನಪದ ಏನು?”

“ಇಲ್ಲದಽ ಏನು?” ಎಂದಳು. “ನಾ ಆಕಿ ಕೈ ಹಿಡಕೊಂಡಿದ್ದೆ ಅವ್ವ. ನೀ ನನ್ನ ಕಡಿ ನೋಡಿದಿ. ನಾ ಕೈ ಬಿಟ್ಟೆ.”

ನಾನು ನೋಡಿದ್ದು ನನಗೆ ನೆನಪೇ ಇಲ್ಲ. ಆ ತಪ್ಪು ದೊಡ್ಡವರಾದ ನಮ್ಮದಷ್ಟೇ ಎಂದುಕೊಂಡು ಇಷ್ಟು ವರ್ಷ ಬದುಕಿದ್ದೆ. ಒಂಬತ್ತು ವರ್ಷದ ಮಗುವಿಗೂ ಅರ್ಧ ಹೊರಿಸಿ ಗುಡ್ಡ ಇಳಿದು ಬಂದಿದ್ದೆ.

“ಅದು ನಿಂದಲ್ಲವ್ವ. ನಂದು” ಎಂದೆ.

ಅವಳು ತಲೆ ಆಡಿಸಿದಳು. ಒಪ್ಪಿಕೊಂಡಳೋ, ನನ್ನ ಸಮಾಧಾನಕ್ಕೆ ಆಡಿಸಿದಳೋ ತಿಳಿಯಲಿಲ್ಲ. ತಪ್ಪು ಯಾರದೆಂದು ಹೇಳಬಲ್ಲವಳು ಅಕ್ಕ ಒಬ್ಬಳೇ ಇದ್ದಳು...