ಬಿಸಿಯೂಟದ ಒಲೆ ಕಟ್ಟುವ ಬೆಟ್ಟಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಟ್ಟಮ್ಮ ಶಾಲೆಯ ಅಡುಗೆಮನೆಯ ನೆಲಕ್ಕೆ ಕೆನ್ನೆ ತಾಗಿಸಿ ಒಲೆಯ ಬಾಯೊಳಗೆ ಇಣುಕುತ್ತಿದ್ದಾರೆ. ಹೊತ್ತಿಸಿದ ತೆಂಗಿನ ಗರಿ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಹೊಗೆ ಕೊಳವೆಗೆ ಏರದೆ ಅವರ ಮುಖಕ್ಕೇ ನುಗ್ಗುತ್ತದೆ. ಕೆಮ್ಮುತ್ತಾ ಎದ್ದು ಕೂರುತ್ತಾರೆ. "ಕೊಳವೆ ಒಳ್ಗೆ ಏನಾರ ಬಿದ್ದೈತೇನೋ" ಎಂದು ಒಲೆಗೇ ಹೇಳುವಂತೆ ಗೊಣಗುತ್ತಾರೆ.

ದಂಡಿಗನಹಳ್ಳಿ ಹೋಬಳಿಯ ಸಣ್ಣ ಸರ್ಕಾರಿ ಶಾಲೆ ಇದು. ಬಿಸಿಯೂಟ ಶುರುವಾದ ಹೊಸತರಲ್ಲಿ ಇಲ್ಲಿ ಮೂರು ಕಲ್ಲಿನ ಮೇಲೆ ಅನ್ನ ಬೇಯುತ್ತಿತ್ತು. ಎಷ್ಟು ಸೌದೆ ತಂದರೂ ಸಾಲದು. ಮಕ್ಕಳು ಪಾಟಿಚೀಲದ ಜೊತೆ ಒಂದೊಂದು ಸೌದೆ ಹಿಡಿದು ಬರಬೇಕಿತ್ತು. ಬರಿಗೈಲಿ ಬಂದವರು ತಲೆ ತಗ್ಗಿಸಿ ಕೂರುತ್ತಿದ್ದರು. ಪಕ್ಕದ ತರಗತಿಯಲ್ಲಿ ಹೊಗೆಗೆ ಕಪ್ಪುಹಲಗೆಯೇ ಕಾಣುತ್ತಿರಲಿಲ್ಲ.

ಹೋದ ವರ್ಷ ಬೆಟ್ಟಮ್ಮ ಬಂದು ಈ ಮಣ್ಣಿನ ಒಲೆ ಕಟ್ಟಿದರು. ಒಂದೇ ಬಾಯಿ, ಸಾಲಾಗಿ ಎರಡು ಪಾತ್ರೆ, ಕೊನೆಗೆ ಹೊಗೆಕೊಳವೆ. ಅನ್ನ ಬೇಯಿಸಿದ ಉರಿಯೇ ಮುಂದೆ ಹೋಗಿ ಸಾರು ಕುದಿಸುತ್ತದೆ. ಸೌದೆ ಅರ್ಧಕ್ಕಿಳಿಯಿತು, ಮಕ್ಕಳ ಕೈ ಖಾಲಿಯಾಯಿತು.

ಈಗ ತಿಂಗಳಿಂದ ಮತ್ತೆ ಹೊಗೆ. ಮಕ್ಕಳು ಮತ್ತೆ ಸೌದೆ ತರುತ್ತಿದ್ದಾರೆ. ಈ ಒಲೆ ಇರಬೇಕೋ ಒಡೆಯಬೇಕೋ ಎಂದು ಶಾಲಾ ಸಮಿತಿ ಇವತ್ತು ಬೆಳಿಗ್ಗೆಯೇ ತೀರ್ಮಾನಿಸಲಿದೆ. ಬೆಟ್ಟಮ್ಮನ ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆ ಹೋಗುತ್ತದೆ. ಕಟ್ಟಾಯದ ಕಡೆಯ ಶಾಲೆಗಳಲ್ಲೂ ಇಂಥವೇ ಒಲೆ ಕಟ್ಟಿರುವ ಅವರು, ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ: "ಇಲ್ಲೊಡುದ್ರೆ ಕಟ್ಟಾಯದ ಕಡೇನೂ ಒಡೀತಾರೆ ಮೇಡಂ. ಮಾತು ಓಗಕ್ಕೆ ಬಸ್ಸು ಬೇಕಾ?"

ತೊಂಬತ್ತಾರರಲ್ಲಿ ಹಾಸನದಲ್ಲಿ ನಡೆದ ತರಬೇತಿಯಲ್ಲಿ ಅವರು ಈ ಕೆಲಸ ಕಲಿತದ್ದು. "ಒಲೆ ಆಕದ ಕಲಿಯಕ್ಕೆ ಆಸನಕ್ಕೋಗ್ಬೇಕಾ ಅಂತ ನಮ್ಮತ್ತೆ ಬೈದ್ಲು. ಮೊದ್ಲುನೆ ಒಲೆ ಅವಳಿಗೇ ಆಕ್ಕೊಟ್ಟೆ." ಆಮೇಲೆ ಬೈಯುವುದು ನಿಂತಿತೇ? "ನಿಂತಿದ್ರೆ ಉಷಾರಿಲ್ಲ ಅಂತ ಆಸ್ಪತ್ರೆಗೆ ಕರ್ಕಂಡೋಗ್ಬೇಕಾಗಿತ್ತು." ನಗು ತುಟಿಗೆ ಬಂದು ಅಲ್ಲೇ ನಿಲ್ಲುತ್ತದೆ.

ಕೊಳವೆಗೆ ಉದ್ದನೆಯ ಗಳ ತೂರಿಸಿ ನೋಡುತ್ತಾರೆ. ಒಳಗೆ ಏನೂ ಸಿಗುವುದಿಲ್ಲ. ಅಷ್ಟರಲ್ಲಿ ಅಡುಗೆಯ ಜಯಲಕ್ಷ್ಮಮ್ಮ ಸಗಣಿ ಬಕೆಟ್ ಹಿಡಿದು ಬರುತ್ತಾರೆ. ಇವತ್ತು ಶುಕ್ರವಾರ, ಒಲೆ ಸಾರಿಸುವ ದಿನ.

"ವಾರ ತೆಪ್ಪಿಸಿಲ್ಲ ಬೆಟ್ಟಕ್ಕ. ನೀನೇ ಏಳಿದ್ದಲ್ಲ, ಸಾರಿಸ್ದಿದ್ರೆ ಬಿರುಕು ಬಿಡ್ತದೆ ಅಂತ."

ಸಾರಿಸತೊಡಗಿದ ಜಯಲಕ್ಷ್ಮಮ್ಮನ ಕೈಯನ್ನೇ ಬೆಟ್ಟಮ್ಮ ನೋಡುತ್ತಾರೆ. ಅದು ಒಲೆಯ ಪಕ್ಕದಲ್ಲಿ ಕೆಳಗೆ ಇಳಿದು, ರಂಗೋಲಿ ಎಳೆ ಬಿಡಿಸಿದ ನುಣುಪು ಜಾಗದ ಮೇಲೆ ಹಾಯುತ್ತದೆ.

"ಇಲ್ಲೊಂದು ತೂತಿತ್ತಲ್ಲೇ ಜಯ?"

"ಇಲಿ ತೂತು ಅಂದ್ಕಂಡೆ. ತೆಂಗಿನ್ ನಾರು ತುರುಕಿ ಸಾರಿಸ್ಬುಟ್ಟೆ. ಪೂಜೆ ಮಾಡೋ ಒಲೆ ಅಲ್ವಾ?"

ಉರಿಗೆ ಕೆಳಗಿನಿಂದ ಗಾಳಿ ಒದಗಿಸುತ್ತಿದ್ದ ತೂತು ಅದು. ಬೆಟ್ಟಮ್ಮ ಆ ಜಾಗವನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. "ಸಾರ್ಸು ಅಂದೆ. ಇದ ಮುಚ್ಬ್ಯಾಡ ಅನ್ನದ ಮರ್ತೆ. ತೆಪ್ಪು ನಂದೇ ಕಣೆ."

ಕುಡುಗೋಲು ಎತ್ತಿದಾಗ ಜಯಲಕ್ಷ್ಮಮ್ಮ ಕೈ ಹಿಡಿಯುತ್ತಾರೆ. "ಶುಕ್ರವಾರ ಒಲೆಗೆ ಕಬ್ಣ ಇಕ್ಬ್ಯಾಡ ಅಕ್ಕ."

"ಅಧ್ಯಕ್ಷರು ಹಾರೆ ತತ್ತಾರೆ. ಅದೇನು ಬೆಳ್ಳೀದಾ?"

ಮೆಲ್ಲಗೆ, ಗೋಡೆ ಸೀಳಿಬಿಟ್ಟೀತೆಂದು ಉಸಿರು ಹಿಡಿದು ಕೆರೆಯುತ್ತಾರೆ. ನಾರು ಹೊರಬರುತ್ತದೆ, ಅದರ ಹಿಂದೆ ಬೂದಿ ಸುರಿಯುತ್ತದೆ. ಮತ್ತೆ ಗರಿ ಹೊತ್ತಿಸುತ್ತಾರೆ. ಒಲೆ ಒಮ್ಮೆ ಕೆಮ್ಮುತ್ತದೆ, ಆಮೇಲೆ ಉರಿ ಒಳಕ್ಕೆ ಬಾಗಿ ಬುಸುಗುಡುತ್ತದೆ. ಜಯಲಕ್ಷ್ಮಮ್ಮ ಹೊರಗೆ ಓಡಿ ಕೊಳವೆಯ ತುದಿಯಲ್ಲಿ ಹೊಗೆ ಏಳುವುದನ್ನು ನೋಡಿ ಬಂದು, ಅಕ್ಕಿಯ ಪಾತ್ರೆ ಇಡುತ್ತಾರೆ.

ಸಮಿತಿಯ ಅಧ್ಯಕ್ಷ ಚಲುವಯ್ಯ ಬಾಗಿಲಲ್ಲೇ ನಿಂತು ಅನ್ನ ಕುದಿಯುವುದನ್ನು ನೋಡುತ್ತಾರೆ. "ಇವತ್ತೇನೋ ಉರೀತೈತೆ. ನಾಳಿಕೂ ಉರೀಬೇಕಲ್ಲಮ್ಮ. ಒಂದ್ ತಿಂಗ್ಳು ನೋಡಾನ."

ಸದ್ಯಕ್ಕೆ ಒಲೆ ಉಳಿಯಿತು. ಆದರೂ ಬೆಟ್ಟಮ್ಮ ಊಟಕ್ಕೆ ನಿಲ್ಲುವುದಿಲ್ಲ. ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಲೇ ಕಟ್ಟಾಯದ ಕಡೆಯ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸುತ್ತಾರೆ. ಇಷ್ಟೊಂದು ಅವಸರವೇಕೆ ಎಂದರೆ, ನಡೆಯುತ್ತಲೇ ಹೇಳುತ್ತಾರೆ:

"ಎಲ್ಲಾ ಇಸ್ಕೂಲ್ನಾಗೂ ಅಂಗೇ ಏಳಿವ್ನಿ ಮೇಡಂ, ವಾರ ವಾರ ಸಾರ್ಸಿ ಅಂತ. ನಾ ಓಗಗಂಟ ಯಾರೂ ಒಡೀದೆ ಇದ್ರೆ ಸಾಕು."